ಗೀಸರ್ ಬಿಸಿನೀರು ಸಣ್ಣಗೆ ಬರುತ್ತಿದೆಯೇ? ಕಾರಣ ಹುಡುಕುವ ಕ್ರಮ, ಮರೆಯಬಾರದ ಎಚ್ಚರ

*ಮನೆಮಂದಿಯ ಆರೋಗ್ಯ ಮಾಲಿಕೆ: ಬಚ್ಚಲುಮನೆಯ ಸುರಕ್ಷತೆ*



ಊರಿನ ಮನೆಯಲ್ಲಿ ಹಂಡೆಗೆ ಒಲೆ ಹಚ್ಚಿ ನೀರು ಕಾಯಿಸುತ್ತಿದ್ದ ಕಾಲದಲ್ಲಿ 'ಪ್ರೆಶರ್ ಕಮ್ಮಿ' ಎಂಬ ಮಾತೇ ಇರಲಿಲ್ಲ. ಚೊಂಬು ಹಾಕಿ ಮೊಗೆದರೆ ಆಯಿತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಫ್ಲ್ಯಾಟುಗಳಲ್ಲಿ ಹಂಡೆಯ ಜಾಗಕ್ಕೆ ಗೀಸರ್ ಬಂದಿದೆ. ಅದರ ಜೊತೆಗೇ ಒಂದು ದೂರೂ ಬಂದಿದೆ: "ತಣ್ಣೀರು ಜೋರಾಗಿ ಬರುತ್ತದೆ, ಬಿಸಿನೀರು ಮಾತ್ರ ದಾರದ ಹಾಗೆ ಸಣ್ಣಗೆ ಬರುತ್ತದೆ."

ಇದು ಪ್ಲಂಬರ್ ವಿಷಯ, ಆರೋಗ್ಯ ಮಾಲಿಕೆಯಲ್ಲಿ ಯಾಕೆ ಎಂದು ಕೇಳಬಹುದು. ಬಿಸಿನೀರು ಸಣ್ಣಗಾದಾಗ ನಾವು ಸಾಮಾನ್ಯವಾಗಿ ಮಾಡುವ ಮೂರು ಕೆಲಸಗಳೇ ಅಪಾಯ ತರುತ್ತವೆ. ಒಂದು, ಗೀಸರಿನ ಬಿಸಿಯನ್ನು ಕೊನೆಯವರೆಗೆ ತಿರುಗಿಸುತ್ತೇವೆ. ಎರಡು, ಬಕೆಟಿಗೆ ಇಮ್ಮರ್ಷನ್ ರಾಡ್ ಇಳಿಬಿಡುತ್ತೇವೆ. ಮೂರು, ಗ್ಯಾಸ್ ಗೀಸರ್ ಇದ್ದರೆ ಕಿಟಕಿ ಮುಚ್ಚಿ ಬಹಳ ಹೊತ್ತು ಉರಿಸುತ್ತೇವೆ. ಮೊದಲನೆಯದರಿಂದ ಮೈ ಸುಡುತ್ತದೆ, ಎರಡನೆಯದರಿಂದ ಶಾಕ್ ಹೊಡೆಯುತ್ತದೆ, ಮೂರನೆಯದು ಸದ್ದಿಲ್ಲದೆ ಪ್ರಾಣ ತೆಗೆಯುತ್ತದೆ. ಆದ್ದರಿಂದ ಕಾರಣವನ್ನು ಕ್ರಮವಾಗಿ ಹುಡುಕುವುದನ್ನು ಮನೆಯ ಎಲ್ಲರೂ ತಿಳಿದಿರುವುದು ಒಳ್ಳೆಯದು.

*ಮೊದಲು ಗೀಸರ್ ಹೇಗೆ ಕೆಲಸ ಮಾಡುತ್ತದೆ ತಿಳಿಯೋಣ*

ಹಂಡೆಯ ಬಾಯಿ ತೆರೆದಿರುತ್ತದೆ. ಗೀಸರ್ ಬಾಯಿ ಮುಚ್ಚಿದ ಹಂಡೆ. ಅದರ ಕೆಳಗೆ ಎರಡು ಪೈಪುಗಳಿರುತ್ತವೆ. ಒಂದರಿಂದ ತಣ್ಣೀರು ಒಳಗೆ ಹೋಗಿ ಟ್ಯಾಂಕಿನ ತಳದಲ್ಲಿ ಸೇರುತ್ತದೆ. ಕಾದ ನೀರು ಹಗುರವಾಗಿ ಮೇಲೆ ನಿಲ್ಲುತ್ತದೆ. ನೀವು ಬಿಸಿನೀರಿನ ನಲ್ಲಿ ತೆರೆದಾಗ, ಒಳಗೆ ನುಗ್ಗುವ ತಣ್ಣೀರು ಮೇಲಿನ ಬಿಸಿನೀರನ್ನು ಇನ್ನೊಂದು ಪೈಪಿನಿಂದ ಹೊರಗೆ ತಳ್ಳುತ್ತದೆ. ಅಂದರೆ ಬಿಸಿನೀರನ್ನು ತಳ್ಳುವುದು ತಣ್ಣೀರೇ. ಗೀಸರಿಗೆ ಸ್ವಂತ ಪಂಪು ಇಲ್ಲ. ಆದ್ದರಿಂದ ತಣ್ಣೀರು ಒಳಗೆ ಹೋಗುವ ದಾರಿಯಲ್ಲಾಗಲಿ, ಟ್ಯಾಂಕಿನಲ್ಲಾಗಲಿ, ಬಿಸಿನೀರು ಹೊರಬರುವ ದಾರಿಯಲ್ಲಾಗಲಿ ಎಲ್ಲಿ ಅಡ್ಡಿಯಾದರೂ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆ.

ತಣ್ಣೀರಿನ ಒತ್ತಡ ಬರುವುದು ಟೆರೇಸಿನ ಮೇಲಿರುವ ಟ್ಯಾಂಕಿನ ಎತ್ತರದಿಂದ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಟ್ಯಾಂಕಿನಿಂದ 30 ಮೀಟರ್ ಕೆಳಗಿರುವ ಮನೆಗೆ ಸುಮಾರು 3 ಬಾರ್ ಸಿಕ್ಕರೆ, ಟೆರೇಸಿನ ಕೆಳಗೇ ಇರುವ ಮನೆಗೆ ಸಿಗುವುದು 0.3 ಅಥವಾ 0.4 ಬಾರ್ ಮಾತ್ರ. ಮೇಲಿನ ಮಹಡಿಯವರ ದೂರಿಗೆ ಅನೇಕ ಸಲ ಗೀಸರ್ ಕಾರಣವೇ ಅಲ್ಲ.

*ಪರೀಕ್ಷೆಗೆ ಮೊದಲು*

ಗೀಸರಿನ ಸ್ವಿಚ್ ಆಫ್ ಮಾಡಿ. ಅಷ್ಟೇ ಸಾಲದು, ಅದರ ಎಂಸಿಬಿಯನ್ನೂ ಇಳಿಸಿ. ನೀರು ತಣ್ಣಗಾಗುವವರೆಗೆ ಕಾಯಿರಿ. ಗೀಸರಿನ ಮುಚ್ಚಳವನ್ನು ನೀವು ತೆರೆಯಬೇಡಿ. ಕೆಳಗೆ ಹೇಳಿರುವುದರಲ್ಲಿ ಕಣ್ಣಿನಿಂದ ನೋಡುವ, ನಲ್ಲಿ ತಿರುಗಿಸುವ ಕೆಲಸ ಮಾತ್ರ ನಿಮ್ಮದು. ಉಳಿದದ್ದು ಮೆಕ್ಯಾನಿಕ್ ಕೆಲಸ.

*ಹಂತ 1: ಬಕೆಟ್ ಪರೀಕ್ಷೆ*

10 ಲೀಟರ್ ಬಕೆಟ್ ಇಟ್ಟು ಮೊದಲು ತಣ್ಣೀರಿನ ನಲ್ಲಿ ಪೂರ್ತಿ ತೆರೆದು ತುಂಬಲು ಎಷ್ಟು ಹೊತ್ತಾಯಿತು ಎಂದು ಮೊಬೈಲಿನಲ್ಲಿ ನೋಡಿ. ನಂತರ ಬಿಸಿನೀರಿನ ನಲ್ಲಿಯಿಂದ ಹಾಗೆಯೇ ತುಂಬಿಸಿ. ಎರಡನ್ನೂ ಬರೆದಿಟ್ಟುಕೊಳ್ಳಿ.

- ಎರಡೂ ನಿಧಾನವಾದರೆ ತೊಂದರೆ ಕಟ್ಟಡದ ಟ್ಯಾಂಕ್, ಮುಖ್ಯ ಪೈಪ್ ಅಥವಾ ಮನೆಯ ಮುಖ್ಯ ವಾಲ್ವಿನಲ್ಲಿದೆ. ಪಕ್ಕದ ಮನೆಯವರನ್ನು ಕೇಳಿ, ಸೊಸೈಟಿಗೆ ತಿಳಿಸಿ. ಗೀಸರ್ ಬಿಚ್ಚಿಸಿ ದುಡ್ಡು ಕಳೆಯಬೇಡಿ.
- ತಣ್ಣೀರು ಒಂದು ನಿಮಿಷದಲ್ಲಿ ತುಂಬಿ, ಬಿಸಿನೀರು ಎರಡು-ಮೂರು ನಿಮಿಷ ತೆಗೆದುಕೊಂಡರೆ ಅಡ್ಡಿ ಗೀಸರ್ ದಾರಿಯಲ್ಲಿದೆ.
- ಒಂದು ನಲ್ಲಿಯಲ್ಲಿ ಬಿಸಿನೀರು ಸಣ್ಣಗೆ, ಅದೇ ಗೀಸರಿಗೆ ಸೇರಿದ ಇನ್ನೊಂದರಲ್ಲಿ ಚೆನ್ನಾಗಿ ಬಂದರೆ ದೋಷ ಆ ನಲ್ಲಿಯದು ಅಥವಾ ಶವರಿನದು.

*ಹಂತ 2: ಶವರ್ ಮತ್ತು ನಲ್ಲಿಯ ಜಾಲರಿ*

ಶವರ್ ತಲೆ ಬಿಚ್ಚಿ ಬರಿಯ ಪೈಪಿನಿಂದ ನೀರು ಬಿಟ್ಟು ನೋಡಿ. ನೀರು ಜೋರಾಗಿ ಬಂದರೆ ತಪ್ಪು ಶವರಿನದು. ಅದರ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ಬಿಳಿ ವಿನೆಗರಿನಲ್ಲಿ ಅಥವಾ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಕೆಲವು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನಲ್ಲಿಯ ತುದಿಯ ಜಾಲರಿಗೂ ಇದೇ ಉಪಚಾರ.

ಒಂದು ಎಚ್ಚರಿಕೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚನ್ನು ಎಂದೂ ಬೆರೆಸಬೇಡಿ. ವಿನೆಗರ್ ಜೊತೆಗೂ ಬ್ಲೀಚ್ ಸೇರಿಸಬಾರದು. ಅದರಿಂದ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ.

*ಹಂತ 3: ಆ್ಯಂಗಲ್ ಕಾಕ್ ಮತ್ತು ಬಳ್ಳಿ ಪೈಪ್*

ಗೀಸರಿನ ಕೆಳಗೆ ಗೋಡೆಯಲ್ಲಿ ಪುಟ್ಟ ನಲ್ಲಿಯಂಥ ವಾಲ್ವ್ ಇರುತ್ತದೆ. ಅದನ್ನು ಆ್ಯಂಗಲ್ ಕಾಕ್ ಎನ್ನುತ್ತಾರೆ. ಯಾರೋ ರಿಪೇರಿಗೆ ಬಂದವರು ಅದನ್ನು ಅರ್ಧ ಮುಚ್ಚಿ ಹೋಗಿರುವುದು ಬಹಳ ಸಾಮಾನ್ಯ. ಪೂರ್ತಿ ತೆರೆದಿದೆಯೇ ನೋಡಿ. ಗೀಸರಿಗೆ ಸೇರುವ ಸ್ಟೀಲ್ ಹೆಣಿಗೆಯ ಬಳ್ಳಿ ಪೈಪ್ ಮಡಚಿಕೊಂಡಿದ್ದರೂ ನೀರು ಸಣ್ಣಗಾಗುತ್ತದೆ. ಅನೇಕ ಮನೆಗಳಲ್ಲಿ ರೋಗ ಇಲ್ಲಿಗೇ ವಾಸಿಯಾಗುತ್ತದೆ.

*ಹಂತ 4: ಸೇಫ್ಟಿ ವಾಲ್ವ್*

ತಣ್ಣೀರು ಗೀಸರಿಗೆ ಹೋಗುವ ಬಾಯಲ್ಲಿ ಹಿತ್ತಾಳೆಯ ವಾಲ್ವ್ ಒಂದಿರುತ್ತದೆ. ಅದಕ್ಕೆ ಎರಡು ಕೆಲಸ. ಗೀಸರಿನ ನೀರು ಹಿಂದಕ್ಕೆ ಹರಿದು ಟ್ಯಾಂಕ್ ಖಾಲಿಯಾಗದಂತೆ ತಡೆಯುವುದು ಒಂದು. ಒಳಗೆ ಒತ್ತಡ ಹೆಚ್ಚಾದರೆ ನೀರನ್ನು ಹೊರಗೆ ಬಿಡುವುದು ಇನ್ನೊಂದು. ಸೊಸೈಟಿಯ ಟ್ಯಾಂಕ್ ತೊಳೆದ ಮೇಲೆ ಅಥವಾ ಟ್ಯಾಂಕರ್ ನೀರು ಬಂದ ಮೇಲೆ ಮರಳು, ತುಕ್ಕಿನ ಚೂರು ಇದರಲ್ಲಿ ಸಿಕ್ಕಿಕೊಂಡರೆ ನೀರಿನ ದಾರಿ ಕಿರಿದಾಗುತ್ತದೆ. "ಮೊನ್ನೆ ಟ್ಯಾಂಕ್ ತೊಳೆದರು, ಅಂದಿನಿಂದ ಹೀಗೆ" ಎನ್ನುವುದಾದರೆ ಮೊದಲ ಅನುಮಾನ ಈ ವಾಲ್ವಿನ ಮೇಲೆ. ಮೆಕ್ಯಾನಿಕ್ ಇದನ್ನು ತೆಗೆದು ತೊಳೆಯುತ್ತಾರೆ, ಇಲ್ಲವೇ ಹೊಸದು ಹಾಕುತ್ತಾರೆ.

ನೀರು ಕಾಯುವಾಗ ಈ ವಾಲ್ವಿನಿಂದ ಹನಿ ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ. 15 ಲೀಟರ್ ನೀರು 25ರಿಂದ 65 ಡಿಗ್ರಿಗೆ ಕಾದಾಗ ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಹೋಗಲು ಜಾಗ ಬೇಕು. ಅದು ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ. *ಹನಿ ನಿಲ್ಲಿಸಲು ಅದಕ್ಕೆ ಎಂಸೀಲ್ ಮೆತ್ತುವುದು, ಬಿರಡೆ ಹಾಕುವುದು, ವಾಲ್ವೇ ತೆಗೆಸಿಬಿಡುವುದು ಎಂದಿಗೂ ಬೇಡ.* ಥರ್ಮೋಸ್ಟಾಟ್ ಕೆಟ್ಟ ದಿನ ಅಂಥ ಗೀಸರ್ ಸಿಡಿಯಬಹುದು. ನೀರು ಕಾಯಿಸದೇ ಇರುವಾಗಲೂ ಇಡೀ ದಿನ ಹರಿಯುತ್ತಿದ್ದರೆ ಮಾತ್ರ ವಾಲ್ವ್ ಕೆಟ್ಟಿದೆ ಅಥವಾ ಕಟ್ಟಡದ ಒತ್ತಡ ಹೆಚ್ಚಾಗಿದೆ ಎಂದು ತಿಳಿದು ತೋರಿಸಿ. ಹನಿ ವಾಲ್ವಿನಿಂದಲ್ಲದೆ ಗೀಸರಿನ ಮೈಯಿಂದಲೇ ಬರುತ್ತಿದ್ದರೆ ಒಳಗಿನ ಟ್ಯಾಂಕ್ ತೂತಾಗಿದೆ. ಅಂದೇ ಎಂಸಿಬಿ ಇಳಿಸಿ, ಬಳಸುವುದನ್ನು ನಿಲ್ಲಿಸಿ.

*ಹಂತ 5: ಒಳಗಿನ ಸುಣ್ಣದ ಪದರ*

ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಸುಣ್ಣವಾಗಿ ಬೇರೆಯಾಗುತ್ತದೆ. ಕಾಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಕರೆಯೇ ಇದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿಲ್ಲದಾಗ 600ರವರೆಗೆ ಬಿಡಬಹುದು ಎಂದಿದೆ. ಮುಂಬಯಿಗೆ ತಾನ್ಸಾ, ವೈತರಣಾ ಕಡೆಯ ಕೆರೆಗಳಿಂದ ಬರುವ ಕಾರ್ಪೊರೇಷನ್ ನೀರು ಮೆದು. ಅದೇ ಸೊಸೈಟಿ ಬೇಸಿಗೆಯಲ್ಲಿ ಬೋರ್‌ವೆಲ್ ಟ್ಯಾಂಕರ್ ತರಿಸಿದರೆ ಗಡಸು ನೀರು ಬರಬಹುದು. ಹೈದರಾಬಾದ್, ಚೆನ್ನೈ, ದೆಹಲಿಯ ಸುತ್ತಲಿನ ಬಡಾವಣೆಗಳಲ್ಲಿ ಬೋರ್ ನೀರನ್ನೇ ನಂಬಿರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಗುರುತುಗಳು: ಕಾಯುವಾಗ ಗೀಸರಿನೊಳಗೆ ಚಟಪಟ ಸದ್ದು, ಬಕೆಟಿನಲ್ಲಿ ಬಿಳಿ ಅಥವಾ ಕಂದು ಚಕ್ಕೆಗಳು, ಮೊದಲಿಗಿಂತ ಹೆಚ್ಚು ಹೊತ್ತು. 2000 ವ್ಯಾಟಿನ 15 ಲೀಟರ್ ಗೀಸರ್ 25 ಡಿಗ್ರಿಯ ನೀರನ್ನು 60ಕ್ಕೆ ತರಲು ಸುಮಾರು 18ರಿಂದ 20 ನಿಮಿಷ ಬೇಕು. ದೆಹಲಿಯ ಚಳಿಯಲ್ಲಿ 12 ಡಿಗ್ರಿಯ ನೀರಿಗೆ 25 ನಿಮಿಷ ಹಿಡಿಯಬಹುದು. ಇದಕ್ಕಿಂತ ಬಹಳ ಹೆಚ್ಚಾದರೆ ಕಾಯಿಲಿನ ಮೇಲೆ ಸುಣ್ಣ ಕೂತಿರಬಹುದು. ಗಡಸು ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಟ್ಯಾಂಕ್ ಶುಚಿ ಮಾಡಿಸಿ. ಆಗಲೇ 'ಆ್ಯನೋಡ್ ರಾಡ್' ಎಷ್ಟು ಉಳಿದಿದೆ ನೋಡಲು ಹೇಳಿ. ಅದು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವ ಕಡ್ಡಿ.

*ಹಂತ 6: ಹಳೆಯ ಪೈಪ್, ಮೇಲಿನ ಮಹಡಿ*

ಹಳೆಯ ಕಟ್ಟಡಗಳ ಕಬ್ಬಿಣದ ಪೈಪುಗಳ ಒಳಗೆ ತುಕ್ಕು ಬೆಳೆದು ದಾರಿ ಬೆರಳಿನಷ್ಟೂ ಉಳಿದಿರುವುದಿಲ್ಲ. ಮೇಲಿನ ಎಲ್ಲ ಹಂತ ಮುಗಿದರೂ ಗುಣ ಕಾಣದಿದ್ದರೆ ಬಿಸಿನೀರಿನ ಪೈಪ್ ಬದಲಿಸಬೇಕಾಗುತ್ತದೆ.

ಮೇಲಿನ ಮಹಡಿಯವರು ಪ್ರೆಶರ್ ಪಂಪ್ ಹಾಕಿಸುವ ಮೊದಲು ಗೀಸರಿನ ಮೈಮೇಲಿನ ಚೀಟಿ ಓದಿ. ಅದು ತಡೆಯುವ ಒತ್ತಡವನ್ನು ಬಾರ್ ಲೆಕ್ಕದಲ್ಲಿ ಬರೆದಿರುತ್ತಾರೆ, ಸಾಮಾನ್ಯವಾಗಿ 6.5 ಅಥವಾ 8. ಪಂಪಿನ ಒತ್ತಡ ಅದಕ್ಕಿಂತ ಕಡಿಮೆ ಇರಲೇಬೇಕು.

*ಈಗ ಆರೋಗ್ಯದ ಮಾತು*

*ಸುಟ್ಟಗಾಯ:* ಬಿಸಿನೀರು ಸಣ್ಣಗೆ ಬರುತ್ತದೆ ಎಂದು ಬಿಸಿಯನ್ನು ಹೆಚ್ಚಿಸಿ, ಮಿಕ್ಸರಿನಲ್ಲಿ ಹದ ಮಾಡಿಕೊಂಡು ಶವರ್ ಕೆಳಗೆ ನಿಂತಿರುತ್ತೀರಿ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ತಣ್ಣೀರು ಬಿಡುತ್ತಾರೆ. ತಣ್ಣೀರು ಒಮ್ಮೆಲೇ ಕಡಿಮೆಯಾಗಿ ಮೈಮೇಲೆ ಬೀಳುವುದು ಬರಿಯ ಬಿಸಿನೀರು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಮಕ್ಕಳ, ವಯಸ್ಸಾದವರ ಚರ್ಮ ತೆಳು, ಅವರಿಗೆ ಇನ್ನೂ ಬೇಗ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಅವರು ಕಾಲಿನಿಂದ ನೀರು ಮುಟ್ಟಿ ನೋಡಬಾರದು. ಮೊಣಕೈ ಅದ್ದಿ ನೋಡಲಿ, ಅಥವಾ ಮನೆಯವರು ನೋಡಿ ಹೇಳಲಿ. ಬಕೆಟಿಗೆ ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

ಸುಟ್ಟರೆ ಹರಿಯುವ ತಣ್ಣೀರನ್ನು 20 ನಿಮಿಷ ಹಾಕಿ. ಬಳೆ, ಉಂಗುರ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಐಸ್, ಟೂತ್‌ಪೇಸ್ಟ್, ಅರಿಶಿನ, ಶಾಯಿ ಏನೂ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ. ಮಗುವಿಗೆ, ಮುಖಕ್ಕೆ, ಕೈಪಾದಗಳಿಗೆ ಸುಟ್ಟಿದ್ದರೆ ಅಥವಾ ಅಂಗೈಗಿಂತ ದೊಡ್ಡ ಗಾಯವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

*ತೀರಾ ಕಡಿಮೆ ಬಿಸಿಯೂ ಸಲ್ಲ:* ಬೆಚ್ಚಗಿನ ನಿಂತ ನೀರಿನಲ್ಲಿ 'ಲೀಜಿಯೋನೆಲ್ಲಾ' ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆ ನೀರಿನ ತುಂತುರು ಉಸಿರಿನೊಳಗೆ ಹೋದರೆ ಒಂದು ಬಗೆಯ ನ್ಯುಮೋನಿಯಾ ಬರಬಹುದು. ವಯಸ್ಸಾದವರಿಗೆ, ಬೀಡಿ-ಸಿಗರೇಟು ಸೇದುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅಪಾಯ ಹೆಚ್ಚು. ಟ್ಯಾಂಕಿನ ನೀರು 60 ಡಿಗ್ರಿಗೆ ಕಾಯಲಿ, ಹದ ಮಾಡುವುದು ಬಕೆಟಿನಲ್ಲಿ ಆಗಲಿ. ಬೇಸಿಗೆ ರಜೆಗೆ ಊರಿಗೆ ಹೋಗಿ ತಿಂಗಳ ನಂತರ ಬಂದಾಗ ಮೊದಲ ದಿನ ನೇರವಾಗಿ ಶವರ್ ಕೆಳಗೆ ನಿಲ್ಲಬೇಡಿ. ನೀರನ್ನು ಪೂರ್ತಿ ಕಾಯಿಸಿ, ಕಿಟಕಿ ತೆರೆದು, ಕೆಳಗಿನ ನಲ್ಲಿಯಿಂದ ಕೆಲವು ನಿಮಿಷ ಹರಿಯಬಿಡಿ.

*ಶಾಕ್:* ನೀರು ನಿಂತ ದಿನ ಗೀಸರ್ ಹಾಕಬೇಡಿ. ಬಿಸಿನೀರಿನ ನಲ್ಲಿಯಲ್ಲಿ ನೀರು ಬರುವುದನ್ನು ಕಣ್ಣಾರೆ ನೋಡಿ ಆಮೇಲೆ ಸ್ವಿಚ್ ಒತ್ತಿ. ನೀರಿಲ್ಲದೆ ಕಾದ ಕಾಯಿಲ್ ಬಿರುಕು ಬಿಟ್ಟರೆ ಕರೆಂಟು ನೀರಿಗೆ ಇಳಿಯುತ್ತದೆ. ಸ್ನಾನಕ್ಕೆ ಹೋಗುವ ಮೊದಲು ಸ್ವಿಚ್ ಆರಿಸಿ. ಮನೆಗೆ ಅರ್ತಿಂಗ್ ಸರಿಯಾಗಿದೆಯೇ, 30 ಮಿಲಿಆಂಪ್ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಲು ಸಂಕೋಚ ಬೇಡ. ಇಮ್ಮರ್ಷನ್ ರಾಡ್ ಹಾಕಿದ್ದರೆ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಇಳಿಸಿ, ಆಮೇಲೆ ಮುಟ್ಟಿ.

*ಗ್ಯಾಸ್ ಗೀಸರ್ ಇರುವವರು ಇದನ್ನು ಎರಡು ಸಲ ಓದಿ*

ಗ್ಯಾಸ್ ಗೀಸರ್ ಹೊತ್ತಿಕೊಳ್ಳುವುದು ನೀರಿನ ಒತ್ತಡದಿಂದಲೇ. ಒತ್ತಡ ಕಡಿಮೆಯಾದರೆ ಟಿಕ್ ಟಿಕ್ ಎನ್ನುತ್ತದೆ, ಹೊತ್ತುವುದಿಲ್ಲ. ಅಥವಾ ಹೊತ್ತಿ ಆರುತ್ತದೆ. ಅಂಚಿನಲ್ಲಿ ಹೊತ್ತಿಕೊಂಡರೆ ಸಣ್ಣಗೆ ಬರುವ ನೀರು ವಿಪರೀತ ಸುಡುತ್ತದೆ. ನಿಮಿಷಕ್ಕೆ 6 ಲೀಟರ್ ಬರಬೇಕಾದಲ್ಲಿ 3 ಲೀಟರ್ ಬಂದರೆ ಪ್ರತಿ ಬಕೆಟಿಗೂ ಎರಡರಷ್ಟು ಹೊತ್ತು ಗ್ಯಾಸ್ ಉರಿಯುತ್ತದೆ. ನಾಲ್ಕು ಜನರ ಸ್ನಾನ ಮುಗಿಯುವಷ್ಟರಲ್ಲಿ ಪುಟ್ಟ ಬಚ್ಚಲಿನ ಆಮ್ಲಜನಕ ಕುಗ್ಗಿರುತ್ತದೆ.

ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ ಬಂದಂತಾಗುವುದು, ಕೈಕಾಲು ಸೋಲುವುದು, ನಂತರ ಪ್ರಜ್ಞೆ ತಪ್ಪುವುದು. ಬಾಗಿಲಿನ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯುವುದಿಲ್ಲ.

- ಕಿಟಕಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಬೇಡವೇ ಬೇಡ. ಗಾಳಿಯಾಡುವ ಹೊರಗಿನ ಬಾಲ್ಕನಿಯಲ್ಲಿ ಹಾಕಿಸಿ.
- ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಒಳಗೆ ಹೋಗಿ ಸ್ನಾನ ಮಾಡಿ.
- ಎಕ್ಸಾಸ್ಟ್ ಫ್ಯಾನ್ ಇದೆಯೆಂದು ಕಿಟಕಿ ಮುಚ್ಚಬೇಡಿ, ಚಳಿಯಿದ್ದರೂ ಸರಿ.
- ಜ್ವಾಲೆ ನೀಲಿಯಾಗಿರಬೇಕು. ಹಳದಿಯಾದರೆ, ಮಸಿ ಕಟ್ಟಿದರೆ ಬಳಸುವುದನ್ನು ನಿಲ್ಲಿಸಿ ತೋರಿಸಿ.
- ಮಕ್ಕಳು, ಗರ್ಭಿಣಿಯರು, ಹಿರಿಯರು ಸ್ನಾನಕ್ಕೆ ಹೋದಾಗ ಚಿಲಕ ಹಾಕದಿರಲಿ. ಹೊರಗಿನಿಂದ ಆಗಾಗ ಕೂಗಿ ಮಾತಾಡಿಸಿ.

ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಕಿಟಕಿ ತೆರೆದು, ಗ್ಯಾಸ್ ಆರಿಸಿ, ಅವರನ್ನು ಹೊರಗಿನ ಗಾಳಿಗೆ ತನ್ನಿ. 112ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ, ತಿಳಿದವರು ಸಿಪಿಆರ್ ಆರಂಭಿಸಲಿ. *ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ.* ಅದಕ್ಕೆ ಆಮ್ಲಜನಕ ಯಾವುದು, ಕಾರ್ಬನ್ ಮೊನಾಕ್ಸೈಡ್ ಯಾವುದು ಎಂಬ ವ್ಯತ್ಯಾಸ ತಿಳಿಯದು. ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಉರಿಯುತ್ತಿತ್ತು" ಎಂದು ಮೊದಲ ಮಾತಿನಲ್ಲೇ ಹೇಳಿ. ಆಗ ಡಾಕ್ಟರು ರಕ್ತಪರೀಕ್ಷೆ ಮಾಡಿ ತಕ್ಷಣ ಆಮ್ಲಜನಕ ಕೊಡುತ್ತಾರೆ. ಎಲ್‌ಪಿಜಿ ಸೋರಿಕೆಯ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

*ಮೆಕ್ಯಾನಿಕ್‌ಗೆ ಹೇಳಲು ನಾಲ್ಕು ಮಾತು*

ಮನೆಯ ಹಿರಿಯರು ಒಬ್ಬರೇ ಇರುವಾಗ ಫೋನಿನಲ್ಲಿ ಹೇಳಲು ಅನುಕೂಲವಾಗಲಿ ಎಂದು ಬರೆದಿದೆ. 'ಬಿಸಿನೀರಿನ ಪ್ರೆಶರ್ ಕಮ್ಮಿ ಇದೆ' ಎನ್ನಲು:

- ಹಿಂದಿ: ಗರಮ್ ಪಾನೀ ಕಾ ಪ್ರೆಶರ್ ಕಮ್ ಹೈ.
- ಮರಾಠಿ: ಗರಮ್ ಪಾಣ್ಯಾಚಾ ಪ್ರೆಶರ್ ಕಮೀ ಆಹೇ.
- ತಮಿಳು: ಸುಡು ತಣ್ಣಿ ಪ್ರೆಶರ್ ಕಮ್ಮಿಯಾ ಇರುಕ್ಕು.
- ತೆಲುಗು: ವೇಡಿ ನೀಳ್ಳ ಪ್ರೆಶರ್ ತಕ್ಕುವಗಾ ಉಂದಿ.

ಜೊತೆಗೆ ಬಕೆಟ್ ಪರೀಕ್ಷೆಯ ಎರಡು ಲೆಕ್ಕ ಹೇಳಿ. ಲೆಕ್ಕ ಇಟ್ಟುಕೊಂಡವರ ಮನೆಯಲ್ಲಿ ಬೇಡದ ಸಾಮಾನು ಬದಲಿಸುವುದು ಕಷ್ಟ. ಕೆಲಸ ಮುಗಿದ ಮೇಲೆ ಅವರ ಎದುರಿಗೇ ಮತ್ತೊಮ್ಮೆ ಬಕೆಟ್ ತುಂಬಿಸಿ ನೋಡಿ. ಸೇಫ್ಟಿ ವಾಲ್ವ್ ಮತ್ತೆ ತನ್ನ ಜಾಗದಲ್ಲಿದೆಯೇ ಎಂಬುದನ್ನೂ ನೋಡಿ.

*ವರ್ಷಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ*

ದೀಪಾವಳಿಗೆ ನಮ್ಮಲ್ಲಿ ನೀರು ತುಂಬುವ ಹಬ್ಬವಿದೆ. ಹಂಡೆ ಬೆಳಗಿ, ಬಚ್ಚಲು ತೊಳೆದು, ಮರುದಿನದ ಎಣ್ಣೆಸ್ನಾನಕ್ಕೆ ನೀರು ತುಂಬುವ ದಿನ. ಚಳಿಗಾಲ ಶುರುವಾಗುವುದೂ ಆಗಲೇ. ಅದಕ್ಕೆ ಒಂದು ವಾರ ಮೊದಲು ಗೀಸರಿನ ಬಕೆಟ್ ಪರೀಕ್ಷೆ, ವಾಲ್ವ್, ಅರ್ತಿಂಗ್, ಕಿಟಕಿ ಈ ನಾಲ್ಕನ್ನು ನೋಡಿಸಿಬಿಟ್ಟರೆ ಹಬ್ಬದ ದಿನ ಸಾಲಾಗಿ ಸ್ನಾನಕ್ಕೆ ನಿಂತಾಗ ತೊಂದರೆಯಾಗದು.

ಊರಿನಿಂದ ಬಂದಿರುವ ಅಪ್ಪ-ಅಮ್ಮ, ಅತ್ತೆ-ಮಾವನವರಿಗೆ ಗೀಸರ್ ಸ್ವಿಚ್ ಯಾವುದು, ಬಿಸಿನೀರಿನ ನಲ್ಲಿ ಯಾವುದು ಎಂದು ಇಂದೇ ಒಮ್ಮೆ ಕೈಹಿಡಿದು ತೋರಿಸಿ. ಗ್ಯಾಸ್ ಗೀಸರ್ ಇರುವ ನಿಮ್ಮ ಬಳಗದವರಿಗೆ, ಪಿಜಿಯಲ್ಲಿರುವ ಮಕ್ಕಳಿಗೆ ಈ ಲೇಖನ ಕಳುಹಿಸಿ.

ಎಲ್ಲರೂ ಕ್ಷೇಮವಾಗಿರಿ.